ಕರೆದರೆ ಬರುವ ನಾಯಿ
(ಗೃಹಸ್ಥರ ಅಂಗಳ)



ಈ ತಿಂಗಳು ಅಕ್ಕಲಕೋಟ ತಾಲೂಕಿನ ಹನ್ನೂರದಿಂದ ಬಂದ ಒಂದು ಪತ್ರಕ್ಕೆ ಉತ್ತರ ಬರೆಯುತ್ತಿದ್ದೇನೆ. ಬರೆದವರು ಕಿರಾಣಿ ವ್ಯಾಪಾರದ ಮನೆತನದವರು. ಎರಡು ವರ್ಷದ ಹಿಂದೆ ಮಳೆಗಾಲದಲ್ಲಿ ಒಂದು ನಾಯಿಮರಿ ಅವರ ಅಂಗಡಿಯ ಕಟ್ಟೆಯ ಕೆಳಗೆ ಬಂದು ಸೇರಿಕೊಂಡಿತು. ಮಕ್ಕಳು ಹಾಲು ಹಾಕಿದರು, ಮೋತಿ ಎಂದು ಹೆಸರಿಟ್ಟರು, ಅದು ಅಲ್ಲಿಯೇ ಉಳಿಯಿತು. ಈಗ ಅದು ದೊಡ್ಡ ನಾಯಿ. ತಾಟಿನ ಸಪ್ಪಳ ಕೇಳಿದರೆ ಓಡಿ ಬರುತ್ತದೆ. ಆದರೆ ಆಡು-ಕುರಿ ಕಂಡರೆ ಬೆನ್ನು ಹತ್ತುತ್ತದೆ, ಮೋಟಾರ್ ಸೈಕಲ್ ಹಿಂದೆ ಓಡುತ್ತದೆ. ಆಗ ಎಷ್ಟು ಕೂಗಿದರೂ ಹೊರಳಿ ನೋಡುವುದಿಲ್ಲ. ಹೋದ ತಿಂಗಳು ನೆರೆಯವರ ಆಡಿನ ಮರಿಗೆ ಬಾಯಿ ಹಾಕಿತಂತೆ. ಮರಿ ಬದುಕಿತು, ಆದರೆ ಮನೆಯಲ್ಲಿ ಸಮಾಧಾನ ಉಳಿಯಲಿಲ್ಲ. ನಾಯಿ ತಿರುಗಿ ಬಂದಾಗ ಮನೆಯ ಯಜಮಾನರು ಬಡಿಗೆಯಿಂದ ಹೊಡೆದರು. ಆಯಿಯವರು "ಜೈನರ ಮನ್ಯಾಗ ನಾಯಿ ಯಾಕ ಬೇಕ್ರಪ್ಪಾ? ಎಲ್ಲ್ಯಾರ ದೂರ ಬಿಟ್ಟ ಬರ್ರಿ" ಎನ್ನುತ್ತಾರೆ. ಮಕ್ಕಳು ಅಳುತ್ತಾರೆ. "ಹೊಡೆಯದೆ, ಸದಾ ಕಟ್ಟಿಹಾಕದೆ, ಕರೆದಾಗ ಬರುವಂತೆ ಈ ನಾಯಿಗೆ ಕಲಿಸಬಹುದೇ?" ಎಂಬುದು ಅವರ ಪ್ರಶ್ನೆ.

ಕಲಿಸಬಹುದು. ಎರಡು ವರ್ಷದ ನಾಯಿಗೂ ಕಲಿಸಬಹುದು. ಆದರೆ ನಾಯಿಗಿಂತ ಮೊದಲು ಮನೆಯವರು ಕೆಲವು ಸಂಗತಿಗಳನ್ನು ರೂಢಿಸಿಕೊಳ್ಳಬೇಕಾಗುತ್ತದೆ.

ಆಯಿಯವರ ಮಾತು

ಮೊದಲು ಆಯಿಯವರ ಮಾತಿಗೆ ಬರೋಣ. ಅವರ ಮಾತು ಸುಮ್ಮನೆ ಬಂದದ್ದಲ್ಲ. ಕಾರ್ತಿಕೇಯಾನುಪ್ರೇಕ್ಷೆಯಲ್ಲಿ ಬೆಕ್ಕು ಮೊದಲಾದ ಹಿಂಸಕ ಪ್ರಾಣಿಗಳನ್ನು ಸಾಕುವುದನ್ನು ಅನರ್ಥದಂಡದಲ್ಲಿ ಸೇರಿಸಿದ್ದಾರೆ. ಆದ್ದರಿಂದ ಹೌಸಿಗಾಗಿ, ನಾಲ್ಕು ಮಂದಿಗೆ ತೋರಿಸುವುದಕ್ಕಾಗಿ ಸಾವಿರಾರು ರೂಪಾಯಿ ಕೊಟ್ಟು ನಾಯಿ ತರುವ ಮೊದಲು ಶ್ರಾವಕರು ವಿಚಾರ ಮಾಡಲೇಬೇಕು. ಆದರೆ ತಾನಾಗಿ ಬಾಗಿಲಿಗೆ ಬಂದು, ನಮ್ಮ ಕೈಯಿಂದ ಎರಡು ವರ್ಷ ಉಂಡು, ನಮ್ಮನ್ನೇ ನಂಬಿದ ಜೀವದ ಮಾತು ಬೇರೆ. ಅದನ್ನು ಗುರುತಿಲ್ಲದ ಊರಿನಲ್ಲಿ ಬಿಟ್ಟು ಬಂದರೆ ಅಲ್ಲಿಯ ನಾಯಿಗಳು ಅದನ್ನು ಕಚ್ಚುತ್ತವೆ, ಅದು ಹಸಿವೆಯಿಂದ ಒದ್ದಾಡುತ್ತದೆ, ಆಡಿನ ಮರಿಗೆ ಅಲ್ಲಿಯೂ ಬಾಯಿ ಹಾಕುತ್ತದೆ. ಹಿಂಸೆ ನಮ್ಮ ಕಣ್ಣಿನಿಂದ ಮರೆಯಾಗುತ್ತದೆ, ಇಲ್ಲದಂತಾಗುವುದಿಲ್ಲ. ಸಾಕಿದ ಪ್ರಾಣಿಯನ್ನು ಹಸಿವು-ನೀರಡಿಕೆಯಿಂದ ನರಳುವ ಹಾಗೆ ಬಿಟ್ಟು ಹೋಗುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧವೂ ಹೌದು.

ಇಟ್ಟುಕೊಂಡ ಮೇಲೆ ಹೇಗೆ ಇಟ್ಟುಕೊಳ್ಳಬೇಕು? ಇದಕ್ಕೂ ಶಾಸ್ತ್ರದಲ್ಲಿ ಉತ್ತರವಿದೆ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಹಿಂಸಾಣುವ್ರತದ ಐದು ಅತಿಚಾರಗಳನ್ನು ಹೇಳಿದೆ: ಕಟ್ಟಿಹಾಕುವುದು, ಹೊಡೆಯುವುದು, ಅಂಗವನ್ನು ಕತ್ತರಿಸುವುದು, ಮಿತಿಮೀರಿ ಭಾರ ಹೇರುವುದು, ಅನ್ನ-ನೀರು ತಡೆಯುವುದು. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದಲ್ಲಿಯೂ ಈ ಐದು ಬರುತ್ತವೆ. ಪಾಠಶಾಲೆಯಲ್ಲಿ ನಾವೆಲ್ಲ ಬಾಯಿಪಾಠ ಮಾಡಿದ್ದೇವೆ. ಎತ್ತು, ಕುದುರೆ, ಆಕಳು ಮನೆಯಲ್ಲಿದ್ದ ಕಾಲದಲ್ಲಿ ಇವು ದಿನನಿತ್ಯದ ಮಾತಾಗಿದ್ದವು. ಈಗ ಬಹಳ ಮನೆಗಳಲ್ಲಿ ಉಳಿದಿರುವ ಪಶು ಎಂದರೆ ಬಾಗಿಲಲ್ಲಿ ಮಲಗುವ ನಾಯಿ ಒಂದೇ. ಹೊಡೆದು, ಸಣ್ಣ ಸರಪಳಿಯಲ್ಲಿ ಕಟ್ಟಿ, ಉಪವಾಸ ಕೆಡವಿ ನಾಯಿಯನ್ನು ಹದಕ್ಕೆ ತರುತ್ತೇವೆ ಎನ್ನುವವರು ಈ ಐದರಲ್ಲಿ ಮೂರನ್ನು ಒಮ್ಮೆಲೇ ಮಾಡಿದಂತಾಗುತ್ತದೆ. ಅಷ್ಟು ಮಾಡಿಯೂ ನಾಯಿ ಕರೆದಾಗ ಬರುವುದನ್ನು ಕಲಿಯುವುದಿಲ್ಲ.

ನಾಯಿ ಏಕೆ ಬರುವುದಿಲ್ಲ?

ನಾವು ವ್ಯಾಪಾರಸ್ಥರು. ಪೇಟೆಯಲ್ಲಿ ಒಬ್ಬನ ಚೀಟಿಗೆ ಏಕೆ ಬೆಲೆ ಬರುತ್ತದೆ? ಚೀಟಿ ತೋರಿಸಿದಾಗಲೆಲ್ಲ ಹಣ ಸಿಕ್ಕಿರುತ್ತದೆ, ಆದ್ದರಿಂದ. ಹಿಂದೆ ದರ್ಶನಿ ಹುಂಡಿ ನಡೆಯುತ್ತಿದ್ದುದು ಇದೇ ನಂಬಿಕೆಯ ಮೇಲೆ. ಎರಡು ಸಲ ಹುಂಡಿ ತಿರುಗಿ ಬಂದರೆ ಆ ಪೇಢಿಯ ಪತ ಹೋಯಿತು. ನಾಯಿಯ ಮಟ್ಟಿಗೆ ನಮ್ಮ ಕರೆಯೂ ಹಾಗೆಯೇ. "ಮೋತಿ, ಬಾ" ಎಂದಾಗ ಬಂದರೆ ಒಳ್ಳೆಯದೇ ಆಗುತ್ತದೆ ಎಂದು ನೂರು ಸಲ ಅನುಭವಕ್ಕೆ ಬಂದರೆ ಅದು ನೂರಾ ಒಂದನೆಯ ಸಲವೂ ಬರುತ್ತದೆ.

ನಮ್ಮ ಮನೆಗಳಲ್ಲಿ ಆಗುವುದೇನು? ನಾಯಿ ಆಡಿಕೊಂಡು ಸಂತೋಷದಲ್ಲಿ ಇರುವಾಗ ಕರೆಯುತ್ತೇವೆ, ಬಂದ ಕೂಡಲೇ ಕಟ್ಟಿಹಾಕುತ್ತೇವೆ. ಕರೆದು ತಂಪು ನೀರಿನಲ್ಲಿ ಮೈ ತೊಳೆಯುತ್ತೇವೆ. ಕರೆದು ಔಷಧ ಕುಡಿಸುತ್ತೇವೆ. ಮಕ್ಕಳು ಖಾಲಿ ಕೈ ಮುಚ್ಚಿ ತೋರಿಸಿ, ತಿಂಡಿ ಇದೆಯೆಂದು ಕರೆದು ನಗುತ್ತಾರೆ. ಎಲ್ಲಕ್ಕಿಂತ ದೊಡ್ಡದು, ಓಡಿಹೋದ ನಾಯಿ ತಿರುಗಿ ಬಂದಾಗ ಹೊಡೆಯುವುದು. ಹೊಡೆಯುವವರು "ಓಡಿಹೋದದ್ದಕ್ಕೆ ಶಿಕ್ಷೆ" ಎಂದು ತಿಳಿದಿರುತ್ತಾರೆ. ಹತ್ತು ನಿಮಿಷದ ಹಿಂದಿನ ತಪ್ಪಿಗೆ ಈಗಿನ ಏಟನ್ನು ಜೋಡಿಸುವ ಶಕ್ತಿ ನಾಯಿಗೆ ಇಲ್ಲ. ಅದಕ್ಕೆ ತಿಳಿಯುವುದು ಇಷ್ಟೇ: ಯಜಮಾನರ ಹತ್ತಿರ ಬಂದೆ, ಏಟು ಬಿತ್ತು. ಮುಂದಿನ ಸಲ ಅದು ಇನ್ನೂ ದೂರ ನಿಲ್ಲುತ್ತದೆ. ಹನ್ನೂರದ ಬಂಧುಗಳು ಮೊಟ್ಟಮೊದಲು ನಿಲ್ಲಿಸಬೇಕಾದದ್ದು ಇದನ್ನು. ನಾಯಿ ಎಷ್ಟೇ ತಡಮಾಡಿ ಬರಲಿ, ಬಂದಾಗ ಮೈ ಸವರಿ "ಶಾಬಾಸ್" ಎನ್ನಬೇಕು. ಸಿಟ್ಟು ಬಂದಿದ್ದರೆ ಅದನ್ನು ನುಂಗಿಕೊಳ್ಳಬೇಕು. ದಶಲಕ್ಷಣದ ಮೊದಲನೆಯ ದಿನದ ಕ್ಷಮಾಧರ್ಮವನ್ನು ಆಚರಿಸಲು ಇದಕ್ಕಿಂತ ಸಣ್ಣ, ಇದಕ್ಕಿಂತ ಕಠಿಣ ಸಂದರ್ಭ ಸಿಗುವುದು ಅಪರೂಪ.

ಬೀದಿಯಲ್ಲಿ ಹುಟ್ಟಿದ ನಾಯಿಗೆ ಬುದ್ಧಿ ಬರುವುದಿಲ್ಲ ಎಂಬ ತಪ್ಪು ಕಲ್ಪನೆಯೂ ಇದೆ. ಕೋಲ್ಕತ್ತಾದ ಭಾರತೀಯ ವಿಜ್ಞಾನ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ನಮ್ಮ ದೇಶದ ಬೀದಿ ನಾಯಿಗಳನ್ನೇ ಬಹಳ ವರ್ಷ ಅಭ್ಯಾಸ ಮಾಡಿದ್ದಾರೆ. ಅಪರಿಚಿತ ಮನುಷ್ಯನ ಮೇಲೆ ಬೀದಿ ನಾಯಿಗೆ ನಂಬಿಕೆ ಬೆಳೆಯಲು ತಿಂಡಿಗಿಂತ ಪ್ರೀತಿಯಿಂದ ಮೈ ಸವರುವುದೇ ಹೆಚ್ಚು ನೆರವಾಗುತ್ತದೆ ಎಂದು ಅವರು 2017ರಲ್ಲಿ ಪ್ರಕಟಿಸಿದರು. ಯಾವ ತರಬೇತಿಯೂ ಇಲ್ಲದ ಬೀದಿ ನಾಯಿಗಳು ಮನುಷ್ಯ ಕೈ ಮಾಡಿ ತೋರಿಸಿದ ಕಡೆಗೆ ಹೋಗಬಲ್ಲವು ಎಂದು 2020ರಲ್ಲಿ ತೋರಿಸಿದರು. ಆದ್ದರಿಂದ ಮೋತಿಯ ಜಾತಿಯ ಬಗ್ಗೆ ಚಿಂತೆ ಬೇಡ.

ಮನೆಗೆಲ್ಲ ಒಂದೇ ಮಾತು

ನಮ್ಮ ಗಡಿ ಭಾಗದಲ್ಲಿ ಇನ್ನೊಂದು ತೊಡಕು ಇದೆ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮತ್ತು ಕಚೇರಿಯಲ್ಲಿ ಮರಾಠಿ, ಸೋಲಾಪುರದ ಪೇಟೆಗೆ ಹೋದರೆ ತೆಲುಗು ಮತ್ತು ಹಿಂದಿ. ಆಯಿ "ಬಾರೋ" ಎನ್ನುತ್ತಾರೆ, ಮೊಮ್ಮಗ "ಇಕಡೆ ಯೇ" ಎನ್ನುತ್ತಾನೆ, ಅಂಗಡಿಯ ಆಳು "ಯೂ ಯೂ" ಎನ್ನುತ್ತಾನೆ, ಇಂಗ್ಲಿಷ್ ಶಾಲೆಗೆ ಹೋಗುವ ಮೊಮ್ಮಗಳು "ಕಮ್ ಕಮ್" ಎನ್ನುತ್ತಾಳೆ. ನಾಯಿಗೆ ಭಾಷೆಗಳ ಗುರುತು ಸಿಗುವುದಿಲ್ಲವೆಂದಲ್ಲ. ಹಂಗೇರಿ ದೇಶದ ಬುಡಾಪೆಸ್ಟ್ ನಗರದ ವಿಶ್ವವಿದ್ಯಾಲಯದಲ್ಲಿ 18 ನಾಯಿಗಳಿಗೆ ಒಂದೇ ಕಥೆಯನ್ನು ಸ್ಪ್ಯಾನಿಷ್ ಮತ್ತು ಹಂಗೇರಿಯನ್ ಭಾಷೆಗಳಲ್ಲಿ ಕೇಳಿಸಿ, ಯಂತ್ರದ ಸಹಾಯದಿಂದ ಮೆದುಳನ್ನು ಪರೀಕ್ಷಿಸಿದರು. ಪರಿಚಿತ ಭಾಷೆಗೂ ಅಪರಿಚಿತ ಭಾಷೆಗೂ ಮೆದುಳು ಬೇರೆಬೇರೆ ರೀತಿಯಲ್ಲಿ ಸ್ಪಂದಿಸಿತು. ಇದು 2022ರಲ್ಲಿ ಪ್ರಕಟವಾಯಿತು. ಆದರೆ ಭಾಷೆಯ ದನಿಯನ್ನು ಗುರುತಿಸುವುದು ಬೇರೆ, ನಾಲ್ಕು ಭಾಷೆಯ ನಾಲ್ಕು ಮಾತುಗಳ ಅರ್ಥ ಒಂದೇ ಎಂದು ತಿಳಿಯುವುದು ಬೇರೆ. ನಾಲ್ಕನ್ನೂ ಪ್ರತ್ಯೇಕವಾಗಿ ಕಲಿಸಿದರೆ ನಾಲ್ಕನ್ನೂ ಕಲಿಯಬಹುದು; ಯಾವುದನ್ನೂ ಸರಿಯಾಗಿ ಕಲಿಸದಿದ್ದರೆ ಒಂದನ್ನೂ ಕಲಿಯುವುದಿಲ್ಲ.

ಆದ್ದರಿಂದ ಮನೆಯವರೆಲ್ಲ ಕೂಡಿ ಒಂದು ಮಾತು ಗೊತ್ತುಮಾಡಿರಿ. "ಬಾ" ಎಂಬುದು ಅಂಗಡಿಯಲ್ಲಿ ಬೆಳಗಿನಿಂದ ಸಂಜೆಯವರೆಗೆ ನೂರು ಸಲ ಕೇಳಿಬರುವ ಮಾತು. ಗಿರಾಕಿಗೂ ಬಾ, ಆಳಿಗೂ ಬಾ. ನಾಯಿಯ ಕಿವಿಗೆ ಅದು ಗಾಳಿಯ ಸದ್ದಿನಂತಾಗಿರುತ್ತದೆ. ಹೆಸರಿನ ಗತಿಯೂ ಅದೇ: "ಮೋತಿ, ಸುಮ್ಮನಿರು", "ಮೋತಿ, ನಡೀ ಅತ್ತ" ಎಂದು ಬೈಗುಳದ ಜೊತೆಗೆ ಸವೆದಿರುತ್ತದೆ. ಹೊಸ ಮಾತು ತೆಗೆದುಕೊಳ್ಳುವುದು ಒಳ್ಳೆಯದು. ಚುಟುಕಾಗಿ, ಲಗುಬಗೆಯಿಂದ, ಏರುದನಿಯಲ್ಲಿ "ಬಾ-ಬಾ-ಬಾ" ಎಂದು ಮೂರು ಸಲ ಕೂಡಿಸಿ ಹೇಳುವ ಕರೆಯಾಗಬಹುದು. ಇಲ್ಲವೇ ಸಂತೆಯಲ್ಲಿ ಸಿಗುವ ಸೀಟಿಯನ್ನು ಎರಡು ಸಲ ಚಿಕ್ಕದಾಗಿ ಊದಬಹುದು. ಸೀಟಿಯಿಂದ ಎರಡು ಲಾಭ. ಯಾರು ಊದಿದರೂ ಒಂದೇ ದನಿ, ಅದರಲ್ಲಿ ಸಿಟ್ಟು ಸೇರಲು ಬರುವುದಿಲ್ಲ. ಹೊಲದ ಆ ಬದಿಗೂ ಕೇಳುತ್ತದೆ.

ಕಲಿಸುವ ಕ್ರಮ

ಮೊದಲನೆಯ ವಾರ: ಮನೆಯ ಒಳಗೆ ಅಥವಾ ಹಿತ್ತಲಲ್ಲಿ, ಗದ್ದಲ ಇಲ್ಲದ ವೇಳೆ. ನಾಯಿ ಎರಡು ಮಾರು ದೂರದಲ್ಲಿರಲಿ. ಒಂದು ಸಲ ಕರೆಯಿರಿ. ನಿಮ್ಮ ಕಡೆ ಹೆಜ್ಜೆ ಇಟ್ಟ ಕೂಡಲೇ ಹೊಗಳಿರಿ, ಬಂದು ಮುಟ್ಟಿದಾಗ ಕಡಲೆಕಾಳಿನಷ್ಟು ದೊಡ್ಡ ತಿಂಡಿಯ ತುಣುಕು ಕೊಡಿರಿ. ಒಮ್ಮೆಗೆ ಎಂಟು-ಹತ್ತು ಸಲ, ದಿನಕ್ಕೆ ಎರಡು ಅಥವಾ ಮೂರು ಹೊತ್ತು ಸಾಕು. ಐದು ನಿಮಿಷದ ಕೆಲಸ. ಕೊಡುವ ಮೊದಲು ಒಂದು ಕೈಯಿಂದ ಕೊರಳಪಟ್ಟಿಯನ್ನು ಮೆಲ್ಲಗೆ ಹಿಡಿಯಿರಿ, ಆಮೇಲೆ ತಿಂಡಿ ಕೊಡಿರಿ, ಆಮೇಲೆ ಬಿಟ್ಟುಬಿಡಿರಿ. ಇಲ್ಲದಿದ್ದರೆ ತುಣುಕು ಕಸಿದುಕೊಂಡು ಓಡುವುದನ್ನು ಕಲಿಯುತ್ತದೆ.

ಎರಡನೆಯ ವಾರ: ಅಂಗಳದಲ್ಲಿ ಇಬ್ಬರು ಹದಿನೈದು ಹೆಜ್ಜೆ ದೂರ ನಿಲ್ಲಿರಿ. ಒಮ್ಮೆ ಇವರು, ಒಮ್ಮೆ ಅವರು ಕರೆಯಿರಿ. ಕರೆದವರೇ ತಿಂಡಿ ಕೊಡಬೇಕು. ಮಕ್ಕಳಿಗೆ ಇದು ಆಟ. ಸಣ್ಣ ಮಕ್ಕಳ ಜೊತೆಗೆ ಹಿರಿಯರೊಬ್ಬರು ಇರಲಿ.

ಮೂರನೆಯ ವಾರ: ಹೊಲ ಅಥವಾ ಖಾಲಿ ಬಯಲು. ಹಗುರವಾದ, ಸುಮಾರು ಹತ್ತು ಮೀಟರ್ ಉದ್ದದ ಹಗ್ಗವನ್ನು ಕೊರಳಪಟ್ಟಿಗೆ ಕಟ್ಟಿ ನೆಲದ ಮೇಲೆ ಬಿಡಿರಿ. ಈ ಹಗ್ಗ ಎಳೆಯುವುದಕ್ಕಲ್ಲ. ನಾಯಿ ತಪ್ಪಿಸಿಕೊಂಡು ರಸ್ತೆಗೆ ಹೋಗದಿರಲಿ ಎಂದು. ಕರೆದಾಗ ಬಾರದಿದ್ದರೆ ಮತ್ತೆ ಮತ್ತೆ ಕೂಗಬೇಡಿರಿ. ಹತ್ತು ಸಲ ಕೂಗಿದರೆ, ಹತ್ತನೆಯ ಕೂಗಿಗೆ ಬಂದರೆ ಸಾಕೆಂದು ನಾವೇ ಕಲಿಸಿದಂತಾಗುತ್ತದೆ. ಅದರ ಬದಲು ಕೆಳಗೆ ಕುಕ್ಕರಿಸಿರಿ, ಚಪ್ಪಾಳೆ ತಟ್ಟಿರಿ, ಇಲ್ಲವೇ ನಾಯಿಗೆ ಬೆನ್ನು ಮಾಡಿ ಬೇರೆ ದಿಕ್ಕಿಗೆ ಓಡಿರಿ. ಓಡುವವರ ಹಿಂದೆ ಓಡುವುದು ನಾಯಿಯ ಸ್ವಭಾವ. ನಾವು ಅದರ ಬೆನ್ನು ಹತ್ತಿದರೆ ಅದು ಆಟವೆಂದು ತಿಳಿದು ಮುಂದೆ ಮುಂದೆ ಓಡುತ್ತದೆ.

ನಾಲ್ಕನೆಯ ವಾರದಿಂದ: ಮನಸ್ಸು ಸೆಳೆಯುವ ವಸ್ತುಗಳ ಎದುರಿಗೆ. ಆಡುಗಳು ದೂರದಲ್ಲಿ ಮೇಯುತ್ತಿರಲಿ, ಎಷ್ಟು ದೂರವೆಂದರೆ ಮೋತಿ ಅವುಗಳನ್ನು ನೋಡುತ್ತದೆ, ಆದರೆ ನಿಮ್ಮ ಕರೆಯೂ ಅದರ ಕಿವಿಗೆ ಬೀಳುತ್ತದೆ. ಅಲ್ಲಿ ಕರೆದು, ಬಂದಾಗ ಎಲ್ಲಕ್ಕಿಂತ ರುಚಿಯಾದ ತಿಂಡಿ ಕೊಡಿರಿ. ದಿನದಿನಕ್ಕೆ ಸ್ವಲ್ಪ ಸ್ವಲ್ಪ ಹತ್ತಿರ ಹೋಗಿರಿ. ಹಗ್ಗ ಕೈಯಲ್ಲಿರಲಿ. ಹತ್ತು ಕರೆಯಲ್ಲಿ ಒಂಬತ್ತಕ್ಕೆ ಬರದಿದ್ದರೆ ಅವಸರವಾಯಿತೆಂದು ತಿಳಿದು ಹಿಂದಿನ ಪಾಠಕ್ಕೆ ಹೋಗಿರಿ. ಕೆಲವು ನಾಯಿಗಳಿಗೆ ಒಂದು ತಿಂಗಳು ಸಾಕು, ಕೆಲವಕ್ಕೆ ಆರು ತಿಂಗಳು ಬೇಕು. ಹೊಡೆತ ತಿಂದ ನಾಯಿಗೆ ಹೆಚ್ಚು ಸಮಯ ಹಿಡಿಯುತ್ತದೆ.

ಇದರಲ್ಲಿ ಮರೆಯಬಾರದ ಒಂದು ಮಾತು: ಕರೆದಾಗಲೆಲ್ಲ ಕಟ್ಟಿಹಾಕಬೇಡಿರಿ. ಹತ್ತು ಸಲ ಕರೆದರೆ ಎಂಟು ಸಲವಾದರೂ ತಿಂಡಿ ಕೊಟ್ಟು, ಸವರಿ, "ಹೋಗು, ಆಡಿಕೋ" ಎಂದು ಬಿಟ್ಟುಬಿಡಬೇಕು. ಬಂದರೆ ಆಟ ಮುಗಿಯಿತು ಎಂದು ಅದಕ್ಕೆ ಅನಿಸಬಾರದು. ಸ್ನಾನ, ಔಷಧ, ಸರಪಳಿ, ಇವುಗಳಿಗೆ ಆ ಕರೆಯನ್ನು ಬಳಸದೆ ನೀವೇ ಹೋಗಿ ಹಿಡಿದು ತನ್ನಿರಿ. ಖಾಲಿ ಕೈ ತೋರಿಸಿ ಕರೆಯುವುದನ್ನು ಮಕ್ಕಳಿಗೆ ಬಿಡಿಸಿರಿ. ತೂಕದಲ್ಲಿ ಮೋಸ ಮಾಡಬಾರದೆಂದು ಮಕ್ಕಳಿಗೆ ಕಲಿಸುವ ನಾವು ಮೂಕಪ್ರಾಣಿಗೂ ಅದನ್ನೇ ಪಾಲಿಸಬೇಕು. ಕರೆ ಪಕ್ಕಾ ಆದ ಮೇಲೆ ಪ್ರತಿ ಸಲ ತಿಂಡಿ ಬೇಡ. ಒಮ್ಮೊಮ್ಮೆ ತಿಂಡಿ, ಉಳಿದಾಗ ಪ್ರೀತಿಯ ಮಾತು, ಮೈ ಸವರುವುದು ಸಾಕು. ಪೂರ್ತಿ ನಿಲ್ಲಿಸಬಾರದು.

ಯಾವ ತಿಂಡಿ?

"ಮಾಂಸದ ತುಣುಕು ಇಲ್ಲದೆ ನಾಯಿಗೆ ಕಲಿಸಲು ಬರುವುದಿಲ್ಲ" ಎಂದು ಕೆಲವರು ಹೇಳುತ್ತಾರೆ. ಇದು ನಿಜವಲ್ಲ. ನಾಯಿ ಸಾವಿರಾರು ವರ್ಷದಿಂದ ಮನುಷ್ಯನ ಅನ್ನ ತಿಂದು ಬೆಳೆದ ಪ್ರಾಣಿ. ಅದಕ್ಕೆ ಪಿಷ್ಟ ಪದಾರ್ಥ ಜೀರ್ಣವಾಗುತ್ತದೆ. ಸಮತೋಲನ ಇಟ್ಟು ಕೊಟ್ಟರೆ ಶಾಕಾಹಾರದ ಮೇಲೆಯೇ ಆರೋಗ್ಯದಿಂದ ಇರಬಲ್ಲದು. ಬರೀ ರೊಟ್ಟಿ-ಹಾಲಿನಿಂದ ಆ ಸಮತೋಲನ ಬರುವುದಿಲ್ಲ. ಬೇಳೆ, ಪನೀರ್ ಮೊದಲಾದವು ಬೇಕು. ಪಶುವೈದ್ಯರನ್ನು ಒಮ್ಮೆ ಕೇಳಿ ಗೊತ್ತುಮಾಡಿಕೊಳ್ಳಿರಿ. ಬೆಕ್ಕಿನ ಸಂಗತಿ ಹಾಗಲ್ಲ, ಅದರ ಶರೀರಕ್ಕೆ ಮಾಂಸದಲ್ಲಿರುವ ಕೆಲವು ಸತ್ವಗಳು ಬೇಕೇ ಬೇಕು. ಆದ್ದರಿಂದ ಶ್ರಾವಕರ ಮನೆಗೆ ಬೆಕ್ಕಿಗಿಂತ ನಾಯಿಯನ್ನು ಸಾಕುವುದು ಸುಲಭ.

ಕಲಿಸುವಾಗ ಉಪ್ಪು-ಖಾರ ಹಾಕದ ಪನೀರ್‌ನ ಸಣ್ಣ ತುಣುಕು, ಸಪ್ಪೆ ಕಡಕ ರೊಟ್ಟಿಯ ಚೂರು, ಬೇಯಿಸಿದ ಕುಂಬಳಕಾಯಿ, ಬೀಜ ತೆಗೆದ ಸೇಬಿನ ಚೂರು, ಬೆಂದ ಕಡಲೆಕಾಳು ಬಹಳ ಆಯಿತು. ಸಾದಾ ಪಾಠಕ್ಕೆ ರೊಟ್ಟಿ, ಕಠಿಣ ಪಾಠಕ್ಕೆ ಪನೀರ್. ಊಟದ ಮೊದಲು ಕಲಿಸಿದರೆ ಹಸಿವೆ ತಾನಾಗಿಯೇ ಇರುತ್ತದೆ, ಉಪವಾಸ ಕೆಡವುವ ಅಗತ್ಯವಿಲ್ಲ. ನಮ್ಮಲ್ಲಿ ಸೂರ್ಯಾಸ್ತಕ್ಕೆ ಮುಂಚೆ ಊಟ ಮುಗಿಸುವ ಪದ್ಧತಿ ಇರುವುದರಿಂದ, ಅದಕ್ಕೂ ಮೊದಲಿನ ಅರ್ಧ ತಾಸು ಈ ಪಾಠಕ್ಕೆ ಬಹಳ ಅನುಕೂಲ.

ಕೊಡಬಾರದ ವಸ್ತುಗಳನ್ನು ಮನೆಯವರೆಲ್ಲ ತಿಳಿದಿರಬೇಕು. ಈರುಳ್ಳಿ, ಬೆಳ್ಳುಳ್ಳಿ ನಾಯಿಯ ರಕ್ತವನ್ನು ಕೆಡಿಸುತ್ತವೆ. ನಮ್ಮ ಅಡಿಗೆಮನೆಗಳಲ್ಲಿ ಆ ಭಯ ಕಡಿಮೆ. ಆದರೆ ದ್ರಾಕ್ಷಿ ಮತ್ತು ಒಣದ್ರಾಕ್ಷಿಯ ಬಗ್ಗೆ ನಮ್ಮ ಭಾಗದವರು ವಿಶೇಷ ಎಚ್ಚರಿಕೆ ವಹಿಸಬೇಕು. ಸೋಲಾಪುರ, ಸಾಂಗಲಿ, ವಿಜಯಪುರ ಜಿಲ್ಲೆಗಳಲ್ಲಿ ಬೆಳೆಯುವುದರಿಂದ ಮನೆಮನೆಯಲ್ಲಿ, ಅಂಗಡಿಯ ಚೀಲಗಳಲ್ಲಿ ಅದು ಇದ್ದೇ ಇರುತ್ತದೆ. ಮನುಷ್ಯರಿಗೆ ಒಳ್ಳೆಯದಾದ ಈ ಪದಾರ್ಥದಿಂದ ನಾಯಿಯ ಮೂತ್ರಪಿಂಡ ಕೆಡಬಹುದು. ಚಾಕಲೇಟ್ ಕೂಡ ವಿಷ. ಶೇಂಗಾ ಚಟ್ನಿಯಂತಹ ಖಾರದ ಪದಾರ್ಥ ಬೇಡ.

ಬೇಟೆಯ ಸ್ವಭಾವ, ರಸ್ತೆಯ ಅಪಾಯ

ಎಷ್ಟು ಕಲಿಸಿದರೂ ಎದುರಿಗೆ ಮೊಲ ಎದ್ದು ಓಡಿದಾಗ ಕರೆ ಕೇಳಿ ತಿರುಗುವುದು ನಾಯಿಗೆ ಎಲ್ಲಕ್ಕಿಂತ ಕಠಿಣ. ಹೊಲದ ಕಾವಲಿಗೆ ನಮ್ಮ ಭಾಗದಲ್ಲಿ ಸಾಕುವ ಮುಧೋಳ ನಾಯಿಯಲ್ಲಿ ಈ ಸ್ವಭಾವ ಹೆಚ್ಚು. ಮಹಾರಾಷ್ಟ್ರದ ಕಡೆ ಅದನ್ನು ಕಾರವಾನಿ ಎನ್ನುತ್ತಾರೆ. ಭಾರತೀಯ ಅಂಚೆ ಇಲಾಖೆ 2005ರಲ್ಲಿ ಅದರ ಚಿತ್ರದ ಅಂಚೆಚೀಟಿ ಹೊರಡಿಸಿತು. ಅದು ಮೂಸುವುದಕ್ಕಿಂತ ಕಣ್ಣಿನಿಂದ ನೋಡಿ ಬೆನ್ನಟ್ಟುವ ಜಾತಿ. ಓಡುವುದು ಕಂಡಿತೆಂದರೆ ಗಾಳಿಯಂತೆ ಹೋಗುತ್ತದೆ. ಅಂಥ ನಾಯಿಯನ್ನು ತೆರೆದ ಬಯಲಿನಲ್ಲಿ ಹಗ್ಗವಿಲ್ಲದೆ ಬಿಡುವುದರಲ್ಲಿ ಜಾಣತನವಿಲ್ಲ.

ಸೋಲಾಪುರ ಜಿಲ್ಲೆಯ ಹುಲ್ಲುಗಾವಲುಗಳಲ್ಲಿ ಚಿಗರಿಗಳಿವೆ, ತೋಳಗಳಿವೆ. ನಾನ್ನಜದ ಸುತ್ತಲಿನ ಬಯಲನ್ನು 1979ರಲ್ಲಿ ಮಾಳಢೋಕ ಪಕ್ಷಿಗಾಗಿ ಅಭಯಾರಣ್ಯವೆಂದು ಘೋಷಿಸಿದರು. ಇಂಥ ಬಯಲಿನಲ್ಲಿ ಗೂಡು ಕಟ್ಟದೆ ನೆಲದ ಮೇಲೆಯೇ ಮೊಟ್ಟೆ ಇಡುವ ಪಕ್ಷಿಗಳಿಗೂ, ಎಳೆಯ ಚಿಗರಿಮರಿಗಳಿಗೂ ಸ್ವೈರವಾಗಿ ತಿರುಗುವ ನಾಯಿಗಳು ದೊಡ್ಡ ಕಂಟಕ. ನಮ್ಮ ಅನ್ನ ತಿಂದ ನಾಯಿ ಒಂದು ಚಿಗರಿಮರಿಯನ್ನು ಕೊಂದರೆ ನಮಗೂ ಅದಕ್ಕೂ ಸಂಬಂಧವಿಲ್ಲ ಎಂದು ಹೇಳಲಾದೀತೇ? ಮಾಡುವುದು, ಮಾಡಿಸುವುದು, ಅನುಮೋದಿಸುವುದು ಮೂರನ್ನೂ ಎಣಿಸುವ ಧರ್ಮ ನಮ್ಮದು. ಸಾಕಿದ ನಾಯಿಗೆ ಕರೆ ಕಲಿಸುವುದು ಬರೀ ಅನುಕೂಲದ ಮಾತಲ್ಲ ಎಂದು ನಾನು ಹೇಳುವುದು ಇದಕ್ಕಾಗಿ. ಆಡಿನ ಮರಿಯನ್ನೂ, ಚಿಗರಿಯನ್ನೂ, ನಾಯಿಯನ್ನೂ ಒಂದೇ ಕರೆ ಉಳಿಸಬಲ್ಲದು.

ರಸ್ತೆಯ ವಿಷಯದಲ್ಲಿ ಮಾತ್ರ ಯಾವ ಕರೆಯನ್ನೂ ನಂಬಬೇಡಿರಿ. ಸೋಲಾಪುರದಿಂದ ಅಕ್ಕಲಕೋಟಕ್ಕೆ ಸ್ವಾಮಿ ಸಮರ್ಥರ ದರ್ಶನಕ್ಕೆ ಹೋಗುವ ವಾಹನಗಳ ಸಾಲನ್ನು ನೀವೇ ನೋಡಿದ್ದೀರಿ. ರಸ್ತೆಯ ಬದಿಯಲ್ಲಿ ನಾಯಿಯ ಕೊರಳಲ್ಲಿ ಹಗ್ಗ, ಹಗ್ಗದ ತುದಿ ಹಿರಿಯರ ಕೈಯಲ್ಲಿ ಇರಬೇಕು. ಮೋಟಾರ್ ಸೈಕಲ್ ಬೆನ್ನಟ್ಟುವ ನಾಯಿಯಿಂದ ಸವಾರನ ಪ್ರಾಣಕ್ಕೂ ಅಪಾಯ.

ಕಟ್ಟುವ ಪ್ರಶ್ನೆಗೂ ಇಲ್ಲಿಯೇ ಉತ್ತರಿಸುತ್ತೇನೆ. ಅಂಗಡಿಯಲ್ಲಿ ಗಿರಾಕಿಗಳ ಗದ್ದಲ ಇದ್ದಾಗ ನೆರಳಿನಲ್ಲಿ, ನೀರಿನ ಪಾತ್ರೆ ಹತ್ತಿರ ಇಟ್ಟು, ತಿರುಗಾಡುವಷ್ಟು ಉದ್ದದ ಹಗ್ಗದಲ್ಲಿ ಒಂದೆರಡು ತಾಸು ಕಟ್ಟಿದರೆ ಅದು ರಕ್ಷಣೆ. ದಿನವಿಡೀ ಗಿಡ್ಡ ಸರಪಳಿಯಲ್ಲಿ ಕಟ್ಟುವುದು ಬಂಧನ. 1960ರ ಕಾಯ್ದೆಯಲ್ಲಿಯೂ ಅತಿ ಗಿಡ್ಡ ಅಥವಾ ಅತಿ ಭಾರದ ಸರಪಳಿಯಲ್ಲಿ ಬಹುಹೊತ್ತು ಕಟ್ಟುವುದು, ಸದಾ ಕಟ್ಟಿದ ನಾಯಿಯನ್ನು ತಿರುಗಾಡಿಸದೆ ಇರುವುದು ಕ್ರೂರತನದಲ್ಲಿ ಸೇರಿವೆ. ಬೆಳಗ್ಗೆ ಅರ್ಧ ತಾಸು, ಸಂಜೆ ಅರ್ಧ ತಾಸು ನಡೆದಾಡಿಸಿದ ನಾಯಿ ಅರ್ಧ ಪಾಠವನ್ನು ತಾನೇ ಕಲಿಯುತ್ತದೆ.

ಇನ್ನೆರಡು ಸಂಗತಿಗಳು. ಮೊದಲು ಬರುತ್ತಿದ್ದ ನಾಯಿ ಈಗ ಬರದಂತಾದರೆ ಕಿವಿಯಲ್ಲಿ ಉಣ್ಣೆ, ಕೀವು, ಕಿವುಡುತನ, ಕಾಲುನೋವು ಇದೆಯೇ ನೋಡಿಸಿರಿ. ಎರಡನೆಯದು, ಹುಚ್ಚುನಾಯಿ ರೋಗದ ಲಸಿಕೆ. ಮೂರು ತಿಂಗಳಿಗೆ ಮೊದಲ ಲಸಿಕೆ ಹಾಕಿಸಿ, ಮುಂದೆ ಪಶುವೈದ್ಯರು ಹೇಳಿದ ಹಾಗೆ ಪ್ರತಿವರ್ಷ ಹಾಕಿಸಬೇಕು. ಯಾವುದೇ ನಾಯಿ ಕಚ್ಚಿದರೆ ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ಗಾಯ ತೊಳೆದು, ಅದೇ ದಿನ ಸರಕಾರಿ ದವಾಖಾನೆಗೆ ಹೋಗಿ ಲಸಿಕೆ ಆರಂಭಿಸಿರಿ. ಅರಿಸಿನ, ಸುಣ್ಣ, ಖಾರದ ಪುಡಿ ಹಚ್ಚಿ ಕಾಯುತ್ತ ಕೂಡಬೇಡಿರಿ. ರೋಗ ಕಾಣಿಸಿಕೊಂಡ ಮೇಲೆ ಉಳಿಯುವುದು ಇಲ್ಲವೆಂದೇ ಹೇಳಬೇಕು.

ಜೀವಂಧರನ ನಾಯಿ

ಆಯಿಯವರಿಗೆ ಕೊನೆಯಲ್ಲಿ ಒಂದು ಕಥೆ ನೆನಪು ಮಾಡಿಕೊಡಬೇಕೆನಿಸುತ್ತದೆ. ಅವರು ಅದನ್ನು ನನಗಿಂತ ಚೆನ್ನಾಗಿ ಬಲ್ಲರು. ವಾದೀಭಸಿಂಹ ಸೂರಿಗಳು ಸಂಸ್ಕೃತದಲ್ಲಿ ಕ್ಷತ್ರಚೂಡಾಮಣಿಯನ್ನೂ, ಭಾಸ್ಕರಕವಿ 1424ರಲ್ಲಿ ಕನ್ನಡದಲ್ಲಿ ಜೀವಂಧರ ಚರಿತೆಯನ್ನೂ ಬರೆದರು. ವಸಂತೋತ್ಸವದ ದಿನ ನೈವೇದ್ಯದ ಅನ್ನವನ್ನು ಮುಟ್ಟಿದ ಒಂದು ನಾಯಿಯನ್ನು ಕೆಲವರು ಸಿಟ್ಟಿನಿಂದ ಹೊಡೆದು ಕೆಡವಿದ್ದರು. ಜೀವಂಧರಕುಮಾರ ಅದನ್ನು ಬದುಕಿಸಲು ಹವಣಿಸಿದ, ಆಗಲಿಲ್ಲ. ಆಗ ಅದರ ಕಿವಿಯಲ್ಲಿ ಪಂಚನಮಸ್ಕಾರ ಮಂತ್ರವನ್ನು ಹೇಳಿದ. ಸಾಯುವ ನಾಯಿ ಆ ದನಿಯನ್ನು ಶಾಂತವಾಗಿ ಕೇಳಿತು. ಮರಣಾನಂತರ ಸುದರ್ಶನನೆಂಬ ಯಕ್ಷನಾಗಿ ಹುಟ್ಟಿತು. ಯಕ್ಷ ಬಂದು ಉಪಕಾರ ನೆನೆದು, ಕಷ್ಟ ಬಂದಾಗ ನನ್ನನ್ನು ಸ್ಮರಿಸು ಎಂದು ಹೇಳಿ ಹೋದ. ಮುಂದೆ ಕಾಷ್ಠಾಂಗಾರ ಜೀವಂಧರನನ್ನು ಕೊಲ್ಲಲು ಆಜ್ಞೆ ಮಾಡಿದಾಗ ಜೀವಂಧರ ಅವನನ್ನು ಸ್ಮರಿಸಿದ, ಅವನು ಬಂದು ಕಾಪಾಡಿದ.

ಹೊಡೆದವರ ಕೂಗೂ ಆ ನಾಯಿಯ ಕಿವಿಗೆ ಬಿದ್ದಿತ್ತು, ಜೀವಂಧರನ ದನಿಯೂ ಬಿದ್ದಿತ್ತು. ಅದು ತಿರುಗಿ ಬಂದದ್ದು ಜೀವಂಧರನ ಕಡೆಗೆ. ಧರ್ಮದಿಂದ ನಾಯಿಯೂ ದೇವನಾಗಬಲ್ಲದು, ಅಧರ್ಮದಿಂದ ದೇವನೂ ನಾಯಿಯಾಗಬಲ್ಲನು ಎಂಬ ಅರ್ಥದ ಮಾತನ್ನು ಸಮಂತಭದ್ರರೂ ಹೇಳಿದ್ದಾರೆ. ಹೊಸ್ತಿಲ ಹೊರಗೆ ಮಲಗಿರುವ ಮೋತಿಯನ್ನು ನೋಡುವಾಗ ಇಷ್ಟು ನೆನಪಿದ್ದರೆ ಸಾಕು.

ಇನ್ನು ಹನ್ನೂರದ ಬಂಧುಗಳು ಮಾಡಬೇಕಾದ ಕೆಲಸ: ಬಡಿಗೆಯನ್ನು ಮೂಲೆಗಿಡಬೇಕು, ನೆರೆಯವರ ಆಡಿನ ಮರಿಯ ಔಷಧದ ಖರ್ಚನ್ನು ಕೇಳುವ ಮೊದಲೇ ಕೊಡಬೇಕು, ಮನೆಯವರೆಲ್ಲ ಕೂಡಿ ಒಂದು ಕರೆಯನ್ನು ಗೊತ್ತುಮಾಡಬೇಕು. ಹತ್ತು ಮೀಟರ್ ಹಗ್ಗ ಅವರ ಅಂಗಡಿಯಲ್ಲಿಯೇ ಸಿಕ್ಕೀತು. ನಾಳೆ ಸಂಜೆಯ ಊಟಕ್ಕೆ ಮುಂಚೆ ಹಿತ್ತಲಲ್ಲಿ ಎರಡು ಮಾರು ದೂರದಿಂದ ಆರಂಭಿಸಲಿ. ಮೊದಲನೆಯ ಕರೆಯನ್ನು ಹೊಡೆದ ಯಜಮಾನರೇ ಕರೆಯಲಿ. ಪನೀರ್‌ನ ಮೊದಲನೆಯ ತುಣುಕನ್ನು ಅವರೇ ಕೊಡಲಿ. ಮೂರು ತಿಂಗಳ ನಂತರ ಹೇಗಾಯಿತೆಂದು ಪತ್ರ ಬರೆದರೆ ಈ ಅಂಗಳದಲ್ಲಿ ಅವಶ್ಯ ಪ್ರಕಟಿಸೋಣ.

ಮುಂದಿನ ತಿಂಗಳು: ಕಿರಾಣಿ ಅಂಗಡಿಯ ಧಾನ್ಯದಲ್ಲಿ ಹುಳ ಆಗದಂತೆ ಮುಂಜಾಗ್ರತೆ. ಜೈ ಜಿನೇಂದ್ರ.